ಕೀರ್ತಿಮಂದಿರದಲ್ಲಿ ಯಾರಿಗೆ ಪೀಠ?

ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟಿನೊಳಗೆ ನೂರು ಪುಟದ ನೋಟುಪುಸ್ತಕವೊಂದು ತಪ್ಪಿ ಬಂದು ಸೇರಿತ್ತು. ಪಂಪಭಾರತದ ಟಿಪ್ಪಣಿಯಿರಬೇಕೆಂದು ಬಿಡಿಸಿದೆ. ಟಿಪ್ಪಣಿಯೇನೋ ಇತ್ತು, ಎಲ್ಲವೂ ಕಾಲ್ಚೆಂಡಿನಾಟದ ವೀರರನ್ನು ಕುರಿತದ್ದು. ಪ್ರತಿ ಪುಟಕ್ಕೂ ಮೂರು ಅಂಕಣ. ತಲೆಯ ಮೇಲೆ ‘ಖಂಡಿತ’, ‘ನೋಡಬೇಕು’, ‘ಕಷ್ಟ’ ಎಂಬ ಮೂರು ತೀರ್ಪುಗಳು. ಅವುಗಳ ಕೆಳಗೆ ಅಮೆರಿಕ, ಇಂಗ್ಲೆಂಡ್, ಅರ್ಜೆಂಟೀನಾಗಳ ಆಟಗಾರರ ಹೆಸರುಗಳು. ಹೆಸರಿನೆದುರು ಗೋಲುಗಳ ಲೆಕ್ಕ, ಗೆದ್ದ ಪದಕಗಳ ಲೆಕ್ಕ. ರಕ್ಷಾಪುಟದ ಮೇಲೆ ದಪ್ಪ ಅಕ್ಷರಗಳಲ್ಲಿ ‘ಹಾಲ್ ಆಫ್ ಫೇಮ್ – ಮುಂದೆ ಸೇರುವವರು’ ಎಂದು ಬರೆದಿತ್ತು.

ಪುಸ್ತಕದ ಒಡೆಯನು ನಾಗಮಂಗಲದ ಕಡೆಯ ಹಳ್ಳಿಯೊಂದರಿಂದ ಪಾಂಡವಪುರಕ್ಕೆ ಓದಲು ಬರುವ ಹುಡುಗ. ತರಗತಿಯಲ್ಲಿ ಕೊನೆಯ ಬೆಂಚು, ಬಯಲಿನಲ್ಲಿ ಮೊದಲನೆಯ ಸಾಲು. ಕರೆಸಿ ಪುಸ್ತಕವನ್ನು ಕೈಗಿತ್ತೆ. ನಾಚಿಕೆಯಿಂದ ಅವನ ಕಿವಿಗಳು ಕೆಂಪಾದವು.

“ಇದೇನಪ್ಪ, ಜ್ಯೋತಿಷ ಹೇಳಲು ಆರಂಭಿಸಿದ್ದೀಯೋ?”

“ಸುಮ್ನೆ ಸಾರ್. ಯಾರ್ ಯಾರು ಹಾಲ್ ಆಫ್ ಫೇಮ್‌ಗೆ ಹೋಗ್ತಾರೆ ಅಂತ ಈಗ್ಲೇ ಬರ್ದು ಮಡಿಕಂಡಿವ್ನಿ. ಮುಂದೆ ಸರಿಯಾಯ್ತೋ ಇಲ್ವೋ ನೋಡ್ಬೋದಲ್ಲ ಸಾರ್.”

“ನಮ್ಮ ನಾಡಿನವರು ಯಾರೂ ಕಾಣಲಿಲ್ಲವಲ್ಲ?”

“ಅವ್ರೆ ಸಾರ್, ಸುನಿಲ್ ಛೆಟ್ರಿ.”

“ಛೆಟ್ರಿಯವರು ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಬೆಂಗಳೂರು ಅವರನ್ನು ತನ್ನ ಮನೆಯ ಮಗನನ್ನಾಗಿ ಮಾಡಿಕೊಂಡಿತು, ಅದು ಸಂತೋಷದ ಮಾತು. ಆದರೆ ಇಲ್ಲಿಯೇ ಹುಟ್ಟಿ, ಇಲ್ಲಿಯ ಮಣ್ಣಿನಲ್ಲಿಯೇ ಚೆಂಡನ್ನು ಒದ್ದು ಕಲಿತವರು?”

ಹುಡುಗನು ತಲೆ ಕೆರೆದುಕೊಂಡು, “ನೀವೇ ಒಂದಿಬ್ರ ಹೆಸ್ರು ಹೇಳಿ ಸಾರ್, ಬರ್ಕತೀನಿ” ಎಂದನು.

ಹೇಳಲು ನನಗೆ ಒಂದು ಹೆಸರೂ ಹೊಳೆಯಲಿಲ್ಲ. ಶಾಸನಗಳ ಹಳಗನ್ನಡವನ್ನು ಅರೆನಿದ್ರೆಯಲ್ಲಿಯೂ ಅನ್ವಯಿಸಬಲ್ಲೆನೆಂಬ ಹಮ್ಮು ನನ್ನದು. ಹತ್ತೊಂಬತ್ತು ವರ್ಷದ ಹುಡುಗನೊಬ್ಬನು ನಮ್ಮ ನಾಡಿನ ವೀರನ ಹೆಸರು ಕೇಳಿದಾಗ ಆ ಹಮ್ಮು ಕೆಲಸಕ್ಕೆ ಬರಲಿಲ್ಲ. ಈ ಲೇಖನವು ಆ ಸಂಜೆಯ ಸಾಲವನ್ನು ತೀರಿಸುವ ಪ್ರಯತ್ನವೆಂದು ಓದುಗರು ತಿಳಿಯಬೇಕು.

ಹಾಲ್ ಆಫ್ ಫೇಮ್ ಎಂಬುದನ್ನು ‘ಕೀರ್ತಿಮಂದಿರ’ ಎಂದು ಕರೆಯೋಣ. ಇಂತಹ ಮಂದಿರಗಳಲ್ಲಿ ಬಹು ಪ್ರಸಿದ್ಧವಾದುದೊಂದು ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿದೆ. ಅದರ ಬಾಗಿಲು ತೆರೆದುದು 1963ರಲ್ಲಿ. ಮೊದಲ ವರ್ಷ ಹದಿನೇಳು ಮಂದಿಗೆ ಪ್ರವೇಶ ದೊರಕಿತು. ಸೇರಿದವರ ಕಂಚಿನ ಶಿರೋಪ್ರತಿಮೆಗಳನ್ನು ಎರಕ ಹೊಯ್ದು ಸಾಲಾಗಿ ನಿಲ್ಲಿಸುತ್ತಾರೆ. ಆಟಗಾರನು ಆಟದಿಂದ ನಿವೃತ್ತನಾಗಿ ಐದು ಋತುಗಳು ಕಳೆಯುವವರೆಗೆ ಅವನ ಹೆಸರನ್ನು ಎತ್ತುವಂತಿಲ್ಲ. ಚಪ್ಪಾಳೆಯ ಸದ್ದು ಅಡಗಲಿ, ಆಮೇಲೆ ತೂಗೋಣವೆಂಬುದು ಅವರ ವಿವೇಕ. ಈ ಐದು ವರ್ಷಗಳ ಬಿಡುವೇ ನಮ್ಮ ಹುಡುಗನಂತಹ ಭವಿಷ್ಯವಾದಿಗಳಿಗೆ ಹಬ್ಬ.

ಆದರೆ ಅಮೆರಿಕದವರ ಫುಟ್‌ಬಾಲು ನಮ್ಮ ಫುಟ್‌ಬಾಲಲ್ಲ. ಅಲ್ಲಿ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲಿ ಅವುಚಿಕೊಂಡು ಓಡುತ್ತಾರೆ. ಕಾಲಿನಿಂದ ಒದೆಯುವುದನ್ನೇ ಕಸುಬಾಗಿ ಉಳ್ಳವನು ತಂಡದಲ್ಲಿ ಒಬ್ಬನೋ ಇಬ್ಬರೋ. ಅವರಿಗೆ ಆ ಮಂದಿರದ ಬಾಗಿಲು ಬಹುಕಾಲ ತೆರೆಯಲೇ ಇಲ್ಲ. ಗೋಲಿಗೆ ಒದೆಯುವುದನ್ನು ಬಿಟ್ಟು ಬೇರೇನನ್ನೂ ಮಾಡದಿದ್ದ ಯಾನ್ ಸ್ಟೆನೆರುಡ್ 1991ರಲ್ಲಿ ಆ ಬಗೆಯವರ ಪೈಕಿ ಮೊದಲಿಗನಾಗಿ ಒಳಹೊಕ್ಕನು. ಚೆಂಡನ್ನು ದೂರಕ್ಕೆ ಚಿಮ್ಮಿಸುವುದೊಂದೇ ಕೆಲಸವಾಗಿದ್ದ ರೇ ಗೈ ಎಂಬವನಂತೂ 1986ರಲ್ಲಿ ಆಟ ನಿಲ್ಲಿಸಿ 2014ರವರೆಗೆ ಕಾಯಬೇಕಾಯಿತು. ಕಾಲ್ಚೆಂಡೆಂಬ ಹೆಸರಿನ ಆಟದಲ್ಲಿ ಕಾಲನ್ನು ಬಳಸಿದವನಿಗೇ ಕಟ್ಟಕಡೆಯ ಪಂಕ್ತಿ!

ನಾವು ಬಲ್ಲ ಫುಟ್‌ಬಾಲಿಗೆ ಸಂಬಂಧಿಸಿದ ಮಂದಿರವನ್ನು ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ವಸ್ತುಸಂಗ್ರಹಾಲಯವು 2002ರಲ್ಲಿ ಆರಂಭಿಸಿತು. ಅಲ್ಲಿಯ ಮೊದಲ ಪಟ್ಟಿಯಲ್ಲಿ ಇಬ್ಬರ ಹೆಸರು ನನ್ನನ್ನು ತಡೆದು ನಿಲ್ಲಿಸಿತು. ಒಬ್ಬನು ಡಂಕನ್ ಎಡ್ವರ್ಡ್ಸ್. 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತೊಂದೇ ವರ್ಷ. ದೇಶದ ಪರವಾಗಿ ಆಡಿದ್ದು ಹದಿನೆಂಟೇ ಪಂದ್ಯ. ಇನ್ನೊಬ್ಬಳು ಲಿಲಿ ಪಾರ್ ಎಂಬ ಮಹಿಳೆ. ಹೆಂಗಸರ ಆಟಕ್ಕೆ ತನ್ನ ಅಧೀನದ ಮೈದಾನಗಳನ್ನು ಕೊಡಕೂಡದೆಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು 1921ರಲ್ಲಿಯೇ ತೀರ್ಮಾನಿಸಿತ್ತು. ಆಕೆ ಸಿಕ್ಕ ಬಯಲುಗಳಲ್ಲಿ ಆಡುತ್ತಲೇ ಹೋದಳು. ದಾದಿಯಾಗಿ ದುಡಿದು 1978ರಲ್ಲಿ ತೀರಿಕೊಂಡಳು. ಸತ್ತು ಇಪ್ಪತ್ತನಾಲ್ಕು ವರ್ಷಗಳಾದ ಮೇಲೆ, ಆ ಮಂದಿರವನ್ನು ಸೇರಿದ ಮೊದಲ ಮಹಿಳೆಯಾದಳು. 1930ರಲ್ಲಿ ಯಾವ ಹುಡುಗನ ನೋಟುಪುಸ್ತಕದಲ್ಲಾದರೂ ಅವಳ ಹೆಸರು ‘ಖಂಡಿತ’ದ ಅಂಕಣದಲ್ಲಿ ಇದ್ದೀತೆ?

ಹುಡುಗನ ಲೆಕ್ಕಾಚಾರ ಸರಳವಾದುದು. ಗೋಲು ಹೊಡೆದವನಿಗೆ ಹೆಚ್ಚು ಅಂಕ. ದೊಡ್ಡ ಪಂದ್ಯದಲ್ಲಿ ಹೊಡೆದವನಿಗೆ ಇನ್ನೂ ಹೆಚ್ಚು. ತಡೆಯುವ ಹಿಂಸಾಲಿನವನಿಗೆ ಅರ್ಧ. ಈ ಲೆಕ್ಕ ಬಹುಪಾಲು ಸರಿಹೋಗುತ್ತದೆಂಬುದನ್ನು ನಾನೂ ಒಪ್ಪುವೆನು, ಏಕೆಂದರೆ ಮಂದಿರದ ತೀರ್ಪುಗಾರರೂ ಮನುಷ್ಯರೇ. ಹೊಡೆದ ಗೋಲು ಎಣಿಕೆಗೆ ಸಿಗುತ್ತದೆ, ತಡೆದ ಗೋಲು ಸಿಗುವುದಿಲ್ಲ. ಆದರೂ ಏನೋ ಒಂದು ಮುಖ್ಯವಾದುದು ಅವನ ಅಂಕಣಗಳಿಂದ ತಪ್ಪಿಹೋಗಿದೆಯೆಂದು ನನಗೆ ತೋರುತ್ತಲೇ ಇತ್ತು. ಅದು ಏನೆಂದು ತಿಳಿದುದು ಅವನ ಊರಿನಲ್ಲಿ.

ಊರಹಬ್ಬಕ್ಕೆಂದು ಹುಡುಗನು ಬಲವಂತದಿಂದ ಕರೆದಿದ್ದನು. ಶ್ರೀರಂಗಪಟ್ಟಣದ ನನ್ನ ಮನೆಯಿಂದ ಹೊರಟು, ಎರಡು ಬಸ್ಸು ಬದಲಾಯಿಸಿ, ನಾಗಮಂಗಲದ ಆಚೆಗೆ ಇಳಿದು ನಡೆದೆ. ಕೆರೆಯ ಏರಿಯ ಮಗ್ಗುಲಲ್ಲಿ ಸೊಂಟದೆತ್ತರದ ವೀರಗಲ್ಲೊಂದು ಒರಗಿಕೊಂಡಿತ್ತು. ನಮ್ಮ ಸೀಮೆಯಲ್ಲಿ ಇದೇನೂ ಅಪೂರ್ವವಲ್ಲ. ಕೃಷ್ಣರಾಜಪೇಟೆಯ ನನ್ನ ಅತ್ತೆಯ ಮನೆಗೆ ಹೋಗುವ ದಾರಿಯಲ್ಲಿಯೂ ಇಂತಹ ಕಲ್ಲುಗಳನ್ನು ಕಂಡಿದ್ದೇನೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ನೋಟ, ಮೇಲೆ ಶಿವಸಾನ್ನಿಧ್ಯ. ಅಕ್ಷರ ಮಾತ್ರ ಒಂದೂ ಇಲ್ಲ. ಆದರೆ ಹೊಸದಾಗಿ ಇಟ್ಟ ಅರಿಸಿನ ಕುಂಕುಮ, ಒಂದು ಎಸಳು ಕಣಗಿಲೆ ಹೂವು.

ಊಟಕ್ಕೆ ಬಡಿಸುತ್ತಿದ್ದ ಹುಡುಗನ ಅಜ್ಜಿಯನ್ನು, “ಆ ಕಲ್ಲು ಯಾರದಮ್ಮ?” ಎಂದು ಕೇಳಿದೆ.

“ಯಾರೋ ವೀರ್ರಂತೆ ಕನಪ್ಪ. ನಮ್ಮತ್ತೇರು ಪೂಜೆ ಮಾಡೋರು, ನಾನೂ ಮಾಡ್ತಿವ್ನಿ. ಹೆಸ್ರು ಯಾರ್ಗೊತ್ತು? ಇನ್ನೊಂದು ಮುದ್ದೆ ಇಕ್ಲಾ ಮೇಷ್ಟ್ರೆ?”

ಹಿಂದಿರುಗುವ ಬಸ್ಸಿನಲ್ಲಿ ಹುಡುಗನಿಗೆ ಆತಕೂರಿನ ಕಥೆಯನ್ನು ಹೇಳಿದೆ. ಆತಕೂರು ದೂರವೇನಲ್ಲ, ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನದು. ಅಲ್ಲಿ ದೊರೆತ ವೀರಗಲ್ಲಿನ ಕಾಲ ಶಕವರ್ಷ 872, ಎಂದರೆ ಕ್ರಿಸ್ತಶಕ 949–50. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಗಂಗರ ಬೂತುಗನೊಡನೆ ತಕ್ಕೋಲದಲ್ಲಿ ಚೋಳರನ್ನು ಎದುರಿಸಿದನು. ಚೋಳ ರಾಜಾದಿತ್ಯನು ಆ ಯುದ್ಧದಲ್ಲಿ ಮಡಿದನು. ಬೂತುಗನ ಕಡೆಯಲ್ಲಿ ಕಾದಾಡಿದ ಮಣಲೆರನೆಂಬ ವೀರನನ್ನು ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಮಣಲೆರನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಮುಂದೆ ಬೆಳತೂರಿನ ಪಡುವಣ ದಿಬ್ಬದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಸೆಣಸಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗಾಗಿ ಆತಕೂರಿನ ಚೆಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವನು, ಎಂದರೆ ಗುಡಿಯ ಶೈವಪೂಜಾರಿಯು, ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಗಲುವುದೆಂಬ ಕಟ್ಟಳೆಯನ್ನೂ ಕೆತ್ತಿಸಿದರು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ; ಹಂದಿಯ ಮೇಲೆರಗಿದ ಕಾಳಿಯ ಚಿತ್ರವನ್ನು ಯಾರೂ ಹೋಗಿ ನೋಡಬಹುದು.

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಗಾರೆ ನಾಯಿಗೆ ಹೆಸ್ರೈತೆ, ನಮ್ಮೂರ್ ವೀರ್ನಿಗಿಲ್ಲ” ಎಂದನು. “ನಾಯಿ ಕಡೆ ಮಣಲೆರ ಇದ್ದ ಸಾರ್.”

ನಾನು ಹುಡುಕುತ್ತಿದ್ದುದನ್ನು ಅವನೇ ಹೇಳಿಬಿಟ್ಟಿದ್ದನು. ಕೀರ್ತಿಮಂದಿರಕ್ಕೆ ಯಾರು ಸೇರುವರೆಂದು ಊಹಿಸುವವನು ಆಟಗಾರನ ಕಾಲನ್ನು ನೋಡಿದರೆ ಸಾಲದು; ಅವನಿಗಾಗಿ ಕಲ್ಲು ನಿಲ್ಲಿಸುವವರು, ಅಕ್ಷರ ಕೆತ್ತಿಸುವವರು, ಪೂಜೆಗೆ ಭೂಮಿ ಬಿಡುವವರು ಇದ್ದಾರೆಯೇ ಎಂಬುದನ್ನೂ ನೋಡಬೇಕು.

ಈ ಕಣ್ಣಿನಿಂದ ನಮ್ಮವರನ್ನು ಹುಡುಕಲು ತೊಡಗಿದೆ. ಪುಸ್ತಕಭಂಡಾರದ ಕ್ರೀಡೆಯ ಅಲಮಾರಿಯಲ್ಲಿ ಕ್ರಿಕೆಟ್ಟಿನದೇ ರಾಜ್ಯ. ಹಳೆಯ ಪಂದ್ಯಗಳ ವಿವರಗಳನ್ನು ಅಲ್ಲಿಷ್ಟು ಇಲ್ಲಿಷ್ಟು ಹೆಕ್ಕಿ ತಂದಾಗ, ನಮ್ಮ ಬಡತನವು ವೀರರದಲ್ಲ, ಕಲ್ಲುಗಳದೆಂದು ಸ್ಪಷ್ಟವಾಯಿತು.

ಮೊದಲನೆಯದಾಗಿ ಸಾರಂಗಪಾಣಿ ರಾಮನ್, ಬೆಂಗಳೂರಿನ ಆಟಗಾರ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಜುಲೈ 31ರಂದು, ಸ್ವತಂತ್ರ ಭಾರತದ ಫುಟ್‌ಬಾಲ್ ತಂಡವು ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಫ್ರೆಂಚರು ಮೊದಲ ಗೋಲು ಹೊಡೆದರು. ದ್ವಿತೀಯಾರ್ಧದಲ್ಲಿ ರಾಮನ್ ಅದನ್ನು ಸರಿಗಟ್ಟಿದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಎರಡು ಪೆನಾಲ್ಟಿ ಒದೆತಗಳು ನಮಗೆ ದೊರಕಿದ್ದವು, ಎರಡೂ ವ್ಯರ್ಥವಾದವು. ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಸೋತರೂ ಪ್ರೇಕ್ಷಕರ ಮನಸ್ಸನ್ನು ಬರಿಗಾಲಿನವರೇ ಗೆದ್ದುಕೊಂಡರು.

ಎರಡನೆಯವರು ಅಹಮದ್ ಖಾನ್. ಬೆಂಗಳೂರಿನಲ್ಲಿ 1926ರಲ್ಲಿ ಹುಟ್ಟಿ ಅಲ್ಲಿಯೇ 2017ರಲ್ಲಿ ಕಣ್ಣು ಮುಚ್ಚಿದರು. 1948ರ ತಂಡದಲ್ಲಿ ಅವರಿದ್ದರು. 1951ರಲ್ಲಿ ದೆಹಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಇದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯವು ನಮಗೆ ಹತ್ತು ಗೋಲುಗಳನ್ನು ಹೊಡೆದ ದಿನ, ನಮ್ಮ ಮಾನ ಉಳಿಸಿದ ಒಂದೇ ಒಂದು ಗೋಲು ಅವರದು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಮುಂಸಾಲಿನಲ್ಲಿ ಅಹಮದ್ ಖಾನ್, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೆ ಎಂಬ ಐವರು ಜೊತೆಗೂಡಿ ಆಡಿದಾಗ ಬಂಗಾಳಿಗಳು ಅವರನ್ನು ‘ಪಂಚಪಾಂಡವರು’ ಎಂದು ಕರೆದರು. 1949ರಿಂದ 1951ರವರೆಗೆ ಸತತವಾಗಿ ಮೂರು ವರ್ಷ ಆ ತಂಡವು ಐ.ಎಫ್.ಎ. ಷೀಲ್ಡನ್ನು ಗೆದ್ದಿತು. ಈ ಪಾಂಡವರಲ್ಲಿ ಧನರಾಜರೂ ಬೆಂಗಳೂರಿನವರೇ.

ಇಲ್ಲೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಾನು ಪಾಠ ಹೇಳುವುದು ಪಾಂಡವಪುರದಲ್ಲಿ. ವನವಾಸದಲ್ಲಿ ಪಾಂಡವರು ಇಲ್ಲಿದ್ದರೆಂದು ಐತಿಹ್ಯ. ಊರ ಪಕ್ಕದಲ್ಲೇ ಕುಂತಿಬೆಟ್ಟ. ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಇದೇ ಊರಿಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೂ ಬಹುಕಾಲ ನಡೆಯಿತು. ಕಣ್ಣಿಗೆ ಕಾಣದ ಐವರು ಪಾಂಡವರು ಕೂತೆದ್ದ ಬಂಡೆಗಳನ್ನು ಬೆರಳು ತೋರಿಸಿ ಹೇಳಬಲ್ಲ ನಮಗೆ, ನಮ್ಮ ತಂದೆಯರ ಕಾಲದಲ್ಲಿಯೇ ಆಡಿದ ಪಾಂಡವರ ಹೆಸರು ಬಂಗಾಳದಿಂದ ಬರಬೇಕಾಯಿತು.

ಬಂಗಾಳಿಗಳನ್ನು ಇದಕ್ಕಾಗಿ ಮೆಚ್ಚಬೇಕು. ಅವರು ಆಟವನ್ನು ಆಡಿದ್ದಷ್ಟೇ ಅಲ್ಲ, ಬರೆದರು, ಹಾಡಿದರು, ಜಗಳವಾಡಿದರು. ಗೋಷ್ಠ ಪಾಲರಿಗೆ 1962ರಲ್ಲಿ ಪದ್ಮಶ್ರೀ ಬಂದಿತು. ಕಲ್ಕತ್ತೆಯ ಮೈದಾನದಲ್ಲಿ ಅವರ ಪ್ರತಿಮೆ ನಿಂತಿದೆ. ಅವರು ರಕ್ಷಣೆಯ ಆಟಗಾರರೆಂಬುದನ್ನು ನಮ್ಮ ಹುಡುಗನು ಗಮನಿಸಬೇಕು. ಅವನ ಲೆಕ್ಕದಲ್ಲಿ ಅರ್ಧ ಅಂಕದ ಗಿರಾಕಿ! 1948ರಲ್ಲಿ ಪೆನಾಲ್ಟಿ ತಪ್ಪಿಸಿಕೊಂಡ ಇಬ್ಬರಲ್ಲಿ ಒಬ್ಬರಾದ ಶೈಲೇನ್ ಮನ್ನಾ ಅವರಿಗೂ 1971ರಲ್ಲಿ ಪದ್ಮಶ್ರೀ ದೊರಕಿತು. ಅವರು ದೊಡ್ಡ ಆಟಗಾರರು, 1951ರ ಚಿನ್ನದ ತಂಡದ ನಾಯಕರು. ಗೌರವ ಯೋಗ್ಯರಿಗೇ ಸಂದಿತು. ನನ್ನ ಪ್ರಶ್ನೆಯೆಲ್ಲ, ಗೋಲು ಹೊಡೆದ ರಾಮನ್ನರನ್ನು ನಾವು ಯಾವ ಶಾಲೆಯ ಪಾಠದಲ್ಲಿ ಓದಿದೆವು ಎಂಬುದು.

ಕೇಂದ್ರ ಸರ್ಕಾರದ ಅರ್ಜುನ ಪ್ರಶಸ್ತಿ ಆರಂಭವಾದುದು 1961ರಲ್ಲಿ. ಬರಿಗಾಲಿನ ಆ ಪೀಳಿಗೆಯ ಒಳ್ಳೆಯ ದಿನಗಳು ಅಷ್ಟರಲ್ಲಿ ಮುಗಿದುಹೋಗಿದ್ದವು. ಮಂದಿರದ ಬಾಗಿಲು ತೆರೆಯುವ ಮುನ್ನವೇ ಬಂದವನಿಗೂ ಪೀಠ ದೊರಕುವುದು ಕಷ್ಟ.

ಮೂರನೆಯ ಹೆಸರು ನನ್ನ ವಯಸ್ಸಿನವರಿಗೆ ಹತ್ತಿರದ್ದು: ಕಾರ್ಲ್ಟನ್ ಚಾಪ್‌ಮನ್. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರು. 1996–97ರಲ್ಲಿ ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದ ಜೆ.ಸಿ.ಟಿ. ತಂಡದಲ್ಲಿ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ, ಚಾಪ್‌ಮನ್ ಮೂವರೂ ಒಟ್ಟಿಗಿದ್ದರು. ಭಾರತ ತಂಡದ ನಾಯಕತ್ವವನ್ನೂ ಅವರು ವಹಿಸಿದರು. 2020ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತೊಂಬತ್ತು ವರ್ಷ. ಹುಡುಗನ ಪಟ್ಟಿಯಲ್ಲಿ ಹಳಬರಿಗೆಂದು ಮೀಸಲಾದ ಪುಟವೊಂದಿತ್ತು. ಅದರಲ್ಲಿ ವಿಜಯನ್ ಇದ್ದರು, ಭುಟಿಯಾ ಇದ್ದರು. ಅವರಿಗೆ ಚೆಂಡನ್ನು ಒದಗಿಸುತ್ತಿದ್ದ ನಡುಸಾಲಿನ ಬೆಂಗಳೂರಿಗನು ಇರಲಿಲ್ಲ.

ಇನ್ನು ಈಗಿನವರ ಮಾತು. ಛೆಟ್ರಿಯವರ ವಿಷಯದಲ್ಲಿ ಹುಡುಗನ ‘ಖಂಡಿತ’ಕ್ಕೆ ನನ್ನ ರುಜುವೂ ಇದೆ. 2013ರಲ್ಲಿ ಬೆಂಗಳೂರು ತಂಡವನ್ನು ಸೇರಿದರು. 2014 ಮತ್ತು 2016ರಲ್ಲಿ ಐ-ಲೀಗ್, 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆಲ್ಲಿಸಿಕೊಟ್ಟರು. 2021ರಲ್ಲಿ ಖೇಲ್ ರತ್ನ ಪಡೆದ ಮೊದಲ ಫುಟ್‌ಬಾಲ್ ಆಟಗಾರರಾದರು. 2024ರ ಜೂನ್ 6ರಂದು ಕಲ್ಕತ್ತೆಯಲ್ಲಿ ವಿದಾಯ ಹೇಳಿದಾಗ 151 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 94 ಗೋಲು ಅವರ ಲೆಕ್ಕದಲ್ಲಿದ್ದವು. 2025ರಲ್ಲಿ ಮತ್ತೆ ಕರೆ ಬಂದಾಗ ಮರಳಿ ಇಳಿದು ಮಾಲ್ಡೀವ್ಸ್ ವಿರುದ್ಧ ಇನ್ನೊಂದನ್ನು ಹೊಡೆದರು. ಕ್ಯಾಂಟನ್ನಿನ ನಿಯಮ ನಮ್ಮಲ್ಲಿದ್ದಿದ್ದರೆ ಪಾಪ, ಐದು ವರ್ಷಗಳ ಎಣಿಕೆ ಮತ್ತೆ ಒಂದರಿಂದ! ಗೋಲುರಕ್ಷಕ ಗುರ್‌ಪ್ರೀತ್ ಸಿಂಗ್ ಸಂಧು ಅವರನ್ನು ಹುಡುಗನು ‘ಕಷ್ಟ’ದಲ್ಲಿ ಇಟ್ಟಿದ್ದನು; ನಾನು ‘ನೋಡಬೇಕು’ವಿಗೆ ಏರಿಸಿದೆ. 2016ರಲ್ಲಿ ನಾರ್ವೆಯ ತಂಡವೊಂದರ ಪರವಾಗಿ ಯುರೋಪಾ ಲೀಗಿನಲ್ಲಿ ಆಡಿದ ಮೊದಲ ಭಾರತೀಯನೆಂಬುದು ಸಣ್ಣ ಮಾತಲ್ಲ. ಇದರ ಮೇಲೆ ನಮ್ಮಿಬ್ಬರಿಗೂ ಅರ್ಧ ಗಂಟೆ ವಾದ ನಡೆಯಿತು. ಹುಡುಗನು ಇಂದಿಗೂ ಒಪ್ಪಿಲ್ಲ.

ನನಗೆ ನಿಜವಾದ ಕಳವಳವಿರುವುದು ಬೇರೆ ಕಡೆ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1946–47ರಲ್ಲಿ ಬಂಗಾಳವನ್ನು ಮಣಿಸಿ ಗೆದ್ದಿತು. 1952–53, 1967–68, 1968–69ರಲ್ಲಿ ಮತ್ತೆ ಗೆದ್ದಿತು. ಆಮೇಲೆ ಐವತ್ತನಾಲ್ಕು ವರ್ಷಗಳ ಬರ. 2023ರ ಮಾರ್ಚ್ 4ರಂದು, ದೂರದ ರಿಯಾದ್ ನಗರದಲ್ಲಿ, ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ ಆ ಬರವನ್ನು ಮುರಿಯಿತು. ಆ ಮೂರು ಗೋಲುಗಳನ್ನು ಹೊಡೆದವರು ಸುನಿಲ್ ಕುಮಾರ್, ಬೆಕೆ ಓರಂ, ರಾಬಿನ್ ಯಾದವ್. ಈ ಹೆಸರುಗಳನ್ನು ನಮ್ಮ ಕಾಲೇಜಿನ ಮೂರು ತರಗತಿಗಳಲ್ಲಿ ಕೇಳಿ ನೋಡಿದೆ. ಕೈ ಎತ್ತಿದವರು ಯಾರೂ ಇಲ್ಲ. ಕೇಳುವ ವಾರದ ಮುಂಚೆ ನನಗೂ ತಿಳಿದಿರಲಿಲ್ಲವಾದ್ದರಿಂದ ಗದರುವ ಹಕ್ಕು ನನಗಿರಲಿಲ್ಲ.

ಸಾಹಿತ್ಯದವನಾದ ನನಗೆ ಒಂದು ಸಮಾಧಾನವಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರಿಗೆ ಜ್ಞಾನಪೀಠವು ಬರಲಿಲ್ಲ. ಆದರೂ 1942ರಲ್ಲಿ ಅಚ್ಚಾದ ಅವರ ‘ಮೈಸೂರು ಮಲ್ಲಿಗೆ’ಯ ಹಾಡನ್ನು ಇಂದಿಗೂ ಮದುವೆಮನೆಯಲ್ಲಿ ಯಾವಳಾದರೂ ಗೃಹಿಣಿ ಪುಸ್ತಕವಿಲ್ಲದೆ ಹಾಡಬಲ್ಲಳು. ಕವಿಗೆ ಪೀಠ ಸಿಗದಿದ್ದರೂ ಪದ್ಯ ಉಳಿದೀತು. ಆಟಗಾರನಿಗೆ ಆ ಸೌಲಭ್ಯವಿಲ್ಲ. ಅವನ ಕಾವ್ಯವು ತೊಂಬತ್ತು ನಿಮಿಷದಲ್ಲಿ ಗಾಳಿಗೆ ಹೋಗುತ್ತದೆ. ಕಂಡವರು ಹೇಳದಿದ್ದರೆ ಅದು ಆಗಲೇ ಇಲ್ಲ.

ಕಳೆದ ಶುಕ್ರವಾರ ಸಂಜೆ ಬಯಲಿನ ಅಂಚಿನ ಹುಣಸೆಮರದ ಕೆಳಗೆ ಕುಳಿತಿದ್ದೆ. ಹುಡುಗನು ಬಂದು ನೋಟುಪುಸ್ತಕವನ್ನು ಹಿಂದುಮುಂದಾಗಿ ತಿರುಗಿಸಿ ಕೊನೆಯ ಪುಟವನ್ನು ತೋರಿಸಿದನು. ಅದೀಗ ಮೊದಲನೆಯ ಪುಟವಾಗಿತ್ತು. ಮೇಲೆ ‘ನಮ್ಮವರು’ ಎಂದು ಬರೆದು, ಕೆಳಗೆ ರಾಮನ್, ಅಹಮದ್ ಖಾನ್, ಧನರಾಜ್, ರಿಯಾದಿನ ಮೂವರು. ಪಕ್ಕದಲ್ಲಿ ವರ್ಷಗಳು, ಗೋಲುಗಳು. ತಕ್ಕಮಟ್ಟಿಗೆ ಕಾಗುಣಿತದ ತಪ್ಪೂ ಇದ್ದವು, ತಿದ್ದಲು ಮನಸ್ಸಾಗಲಿಲ್ಲ. ಚಾಪ್‌ಮನ್ನರ ಹೆಸರನ್ನು ಮಾತ್ರ ಬರೆದು, ಎದುರಿಗೆ ಜಾಗ ಖಾಲಿ ಬಿಟ್ಟಿದ್ದನು.

“ಇವ್ರುನ್ನ ಎಲ್ಲಿ ಹಾಕ್ಲಿ ಸಾರ್? ಖಂಡಿತಕ್ಕೋ, ನೋಡ್ಬೇಕುಗೋ?”

ನಾನು ಯೋಚಿಸುವಷ್ಟರಲ್ಲಿ ಬಯಲಿನ ಆ ಕಡೆಯಿಂದ ಯಾರೋ ಅವನ ಹೆಸರು ಕೂಗಿದರು. ಪುಸ್ತಕವನ್ನೂ ಪೆನ್ನನ್ನೂ ನನ್ನ ತೊಡೆಯ ಮೇಲೆ ಹಾಕಿ, ಚಪ್ಪಲಿಯನ್ನು ಮರದ ಬುಡದಲ್ಲಿ ಬಿಟ್ಟು, ಅವನು ಧೂಳಿನೊಳಕ್ಕೆ ಓಡಿದನು.